ಲಂಡನ್, ಲೀಡ್ಸ್: ಕತ್ತಿ–ಕವಚ ನೋಡಲೆಂದೇ ಎರಡು ದಿನ

ಇಂಗ್ಲೆಂಡಿಗೆ ಹೋದವರು ಹಳೆಯ ಆಯುಧ ನೋಡಬೇಕೆಂದರೆ ಸಾಮಾನ್ಯವಾಗಿ ಟವರ್ ಆಫ್ ಲಂಡನ್‌ಗೆ ಟಿಕೆಟ್ ತೆಗೆಸಿ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲೂ ಒಳ್ಳೆಯ ಸಂಗ್ರಹವಿದೆ, ಆದರೆ ಜನಜಂಗುಳಿಯಲ್ಲಿ ನಿಂತು ನೋಡಲು ಆಗುವುದಿಲ್ಲ. ಕತ್ತಿಯನ್ನು ನಿಧಾನವಾಗಿ, ಹತ್ತಿರದಿಂದ ನೋಡಬೇಕೆನ್ನುವವರಿಗೆ ಎರಡು ಜಾಗ ಸಾಕು: ಲಂಡನ್ನಿನ ವಾಲೇಸ್ ಕಲೆಕ್ಷನ್, ಲೀಡ್ಸ್‌ನ ರಾಯಲ್ ಆರ್ಮರೀಸ್. ಎರಡಕ್ಕೂ ಪ್ರವೇಶ ಉಚಿತ. ಎರಡು ದಿನ ಎತ್ತಿಡಿ; ಒಂದೇ ದಿನ ಸಿಕ್ಕರೆ ವಾಲೇಸ್ ಬಿಡಬೇಡಿ.

ವಾಲೇಸ್ ಇರುವುದು ಮ್ಯಾಂಚೆಸ್ಟರ್ ಸ್ಕ್ವೇರ್‌ನ ಹರ್ಟ್‌ಫರ್ಡ್ ಹೌಸ್‌ನಲ್ಲಿ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೀಥ್ರೋಗೆ ಇಳಿದವರಿಗೆ ಇದು ತೀರಾ ಸುಲಭ. ಎಲಿಜಬೆತ್ ಲೈನ್ ರೈಲು ಹತ್ತಿದರೆ ಬದಲಿಸುವ ಗೊಡವೆಯಿಲ್ಲದೆ ಬಾಂಡ್ ಸ್ಟ್ರೀಟ್‌ನಲ್ಲಿ ಇಳಿಯಬಹುದು, ಅಲ್ಲಿಂದ ಹತ್ತು ನಿಮಿಷದೊಳಗಿನ ನಡಿಗೆ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಡಿಸೆಂಬರ್ 24ರಿಂದ 26 ಬಿಟ್ಟು ಎಲ್ಲ ದಿನವೂ ತೆರೆದಿರುತ್ತದೆ. ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹೆಚ್ಚಿನವರು ನೇರವಾಗಿ ಮೇಲಿನ ಮಹಡಿಯ ಚಿತ್ರಗಳ ಕಡೆ ಹೋಗುವುದರಿಂದ ನೆಲಮಹಡಿಯ ಆಯುಧ ಕೋಣೆಗಳು ಮೊದಲ ಒಂದು ಗಂಟೆ ಬಹುತೇಕ ಖಾಲಿ. ವಿಮಾನ ಇಳಿದ ದಿನವೇ ಹೋಗುವ ಯೋಚನೆ ಬೇಡ: ನಿದ್ದೆಗೆಟ್ಟ ಕಣ್ಣಿಗೆ ಉಕ್ಕಿನ ನೀರಲೆ, ಅಂದರೆ ಅಲಗಿನ ಮೇಲಿನ ಅಲೆಯಂಥ ವಿನ್ಯಾಸ, ಕಾಣುವುದಿಲ್ಲ, ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಗ್ಯಾಲರಿಯಲ್ಲಿ ತಿರುಗಲೂ ಆಗದು.

ಜೊತೆಗೆ ಒಯ್ಯಬೇಕಾದ ಒಂದೇ ಸಾಮಾನು, ಹತ್ತಿರಕ್ಕೂ ಫೋಕಸ್ ಆಗುವ ಒಂಟಿಗಣ್ಣಿನ ಪುಟ್ಟ ದೂರದರ್ಶಕ, ಅಂದರೆ ಮಾನಾಕ್ಯುಲರ್. 6 ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು, ಅರ್ಧ ಮೀಟರಿನಷ್ಟು ಹತ್ತಿರಕ್ಕೆ ಫೋಕಸ್ ಆಗಬೇಕು. ಹಕ್ಕಿ ನೋಡುವ ಸಾಮಾನ್ಯ ಬೈನಾಕ್ಯುಲರ್ ಎರಡು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದು ಕಷ್ಟ, ಹಾಗಾಗಿ ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಉಡುಪು ಕಡುಬಣ್ಣದ್ದಿರಲಿ. ಬಿಳಿ ಅಂಗಿ ತೊಟ್ಟು ಹೋದರೆ ಪ್ರತಿ ಗಾಜಿನಲ್ಲೂ ಕತ್ತಿಗಿಂತ ನಿಮ್ಮ ಹೊಟ್ಟೆಯೇ ಚೆನ್ನಾಗಿ ಕಾಣುತ್ತದೆ.

ಯುರೋಪಿನ ಕವಚಗಳ ಕೋಣೆ ಮೂರು, ಪೂರ್ವದೇಶಗಳದ್ದು ಒಂದು. ಮೊದಲು ಪೂರ್ವದ ಕೋಣೆಗೇ ಹೋಗಿ, ಏಕೆಂದರೆ ಕಣ್ಣಿಗೆ ಹೆಚ್ಚು ಕೆಲಸವಿರುವುದು ಅಲ್ಲಿ. ಭಾರತ, ಇರಾನ್, ತುರ್ಕಿ ಕಡೆಯ ಕತ್ತಿಗಳು ಒಂದೊಂದು ಶೋಕೇಸ್‌ನಲ್ಲಿ ಹತ್ತಾರು ಇವೆ. ಪ್ರತಿಯೊಂದಕ್ಕೂ ಓಎ ಎಂಬ ಅಕ್ಷರಗಳ ಜೊತೆ ಒಂದು ಸಂಖ್ಯೆ. ಯುರೋಪಿನವಕ್ಕೆ ಬರೀ ಎ. ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಹೊರಡುವ ಮುಂಚೆಯೇ ಸಂಸ್ಥೆಯ ಜಾಲತಾಣದ ಪಟ್ಟಿಯಿಂದ ಹದಿನೈದು ಸಂಖ್ಯೆ ಬರೆದುಕೊಂಡು ಹೋಗಿ. ಹಾಗೆ ಮಾಡದಿದ್ದರೆ ನಲವತ್ತನೆಯ ಕತ್ತಿಯ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ.

ಇನ್ನು ಅಲಗು ನೋಡುವ ಬಗೆ. ಇಂಗ್ಲಿಷರು ‘ವೂಟ್ಸ್’ ಎಂದು ಕರೆಯುವ ಲೋಹ ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಆ ಪದ ಬಂತು. ಕಬ್ಬಿಣವನ್ನೂ ಸೌದೆ, ಎಲೆಗಳನ್ನೂ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕುಲುಮೆಯಲ್ಲಿ ಕರಗಿಸಿ, ನಿಧಾನವಾಗಿ ತಣಿಸಿದಾಗ ಸಿಗುವ ಉಂಡೆ ಅದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ. ಅದರಲ್ಲಿ ಇಂಗಾಲ ಸುಮಾರು ಶೇ. 1.5, ಇಂದಿನ ಕಟ್ಟಡದ ಕಂಬಿಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕಮ್ಮಾರ ಕಡಿಮೆ ಕಾವಿನಲ್ಲಿ ಬಡಿದಂತೆ ಕಬ್ಬಿಣ–ಇಂಗಾಲದ ಗಟ್ಟಿ ಕಣಗಳು ಪದರಪದರವಾಗಿ ಸಾಲುಗಟ್ಟುತ್ತವೆ. ಕೊನೆಗೆ ಹುಳಿ ದ್ರಾವಣ ಸವರಿದರೆ ಕಣಗಳು ಬೆಳ್ಳಗೆ ಉಳಿದು ಸುತ್ತಲಿನ ಲೋಹ ಕಪ್ಪಾಗುತ್ತದೆ. ನಾವು ನೋಡುವ ನೀರಲೆ ಅದೇ. ಕಾವು ಮಿತಿ ಮೀರಿದರೆ ಕಣಗಳು ಕರಗಿ ಬರಿಯ ಉಕ್ಕು ಉಳಿಯುತ್ತದೆ. ಒಳ್ಳೆಯ ನೀರಲೆಯ ಅಲಗು ಕಂಡಾಗ ಕಮ್ಮಾರನ ಕಾವಿನ ಅಂದಾಜಿಗೇ ಮೊದಲು ಕೈಮುಗಿಯಬೇಕು.

ಇದನ್ನು ನೇರ ಎದುರು ನಿಂತು ನೋಡಿದರೆ ಬೂದುಬಣ್ಣದ ಪಟ್ಟಿಯಷ್ಟೇ ಕಾಣುತ್ತದೆ. ಶೋಕೇಸಿನ ದೀಪ ಎಲ್ಲಿದೆ ನೋಡಿಕೊಳ್ಳಿ, ಸಾಮಾನ್ಯವಾಗಿ ಮೇಲೆ. ಅದರ ಬೆಳಕು ಅಲಗಿನ ಮೇಲೆ ಜಾರಿ ಕಣ್ಣಿಗೆ ಬರುವ ತನಕ ಮೊಣಕಾಲು ಮಡಚಿ ಕೆಳಗಿಳಿಯಿರಿ, ಆಮೇಲೆ ತಲೆಯನ್ನು ಅರ್ಧ ಅಡಿ ಎಡಕ್ಕೆ, ಅರ್ಧ ಅಡಿ ಬಲಕ್ಕೆ ಸರಿಸಿ. ಹೊಳಪಿನ ಅಂಚು ಮುಗಿದು ನೆರಳು ಶುರುವಾಗುವ ಕಡೆ ನೀರಲೆ ತಟ್ಟನೆ ಏಳುತ್ತದೆ. ಅಲ್ಲಿಗೆ ಮಾನಾಕ್ಯುಲರ್ ಹಿಡಿಯಿರಿ. ರೇಷ್ಮೆ ಸೀರೆಯ ಸೆರಗು ತಿರುಗಿಸಿ ಬಣ್ಣ ನೋಡುವವರಿಗೆ ಈ ಕಲೆ ಹೇಳಿಕೊಡಬೇಕಾಗಿಲ್ಲ.

ಕೆಲವು ಅಲಗುಗಳಲ್ಲಿ ನೀರಲೆಗೆ ಅಡ್ಡವಾಗಿ, ಏಣಿಯ ಮೆಟ್ಟಿಲಿನಂತೆ ಸಮದೂರದಲ್ಲಿ ಗೆರೆಗಳಿರುತ್ತವೆ. ಇರಾನಿನವರು ಇದನ್ನು ‘ನಲವತ್ತು ಮೆಟ್ಟಿಲು’ ಎನ್ನುತ್ತಾರೆ. ಅಲಗಿಗೆ ಅಡ್ಡ ಗೀರು ಕೊರೆದು, ಮತ್ತೆ ಬಡಿದು ಸಮ ಮಾಡಿದರೆ ಒಳಗಿನ ಪದರ ಮೇಲೆ ಬಂದು ಹಾಗೆ ಕಾಣುತ್ತದೆ. ಪೂರ್ತಿ ಬೆಳ್ಳಗೆ ಹೊಳೆಯುವ ಅಲಗು ಕಂಡರೆ ಅದು ವೂಟ್ಸ್ ಅಲ್ಲ ಎಂದು ತೀರ್ಮಾನಿಸಬೇಡಿ. ಹಿಂದಿನ ಮಾಲೀಕರು ತುಕ್ಕು ತೆಗೆಯಲು ಉಜ್ಜಿಉಜ್ಜಿ ಮೇಲ್ಮೈಯ ಗುರುತು ಅಳಿಸಿದ ಅಲಗುಗಳು ಎಲ್ಲ ಸಂಗ್ರಹಗಳಲ್ಲೂ ಇವೆ. ಮ್ಯೂಸಿಯಂಗಳು ಈಗ ಮತ್ತೆ ಹುಳಿ ಸವರುವ ಸಾಹಸಕ್ಕೆ ಸುಲಭಕ್ಕೆ ಕೈ ಹಾಕುವುದಿಲ್ಲ, ಅದು ಸರಿಯೂ ಹೌದು.

ಹಿಡಿಯ ಮೇಲಿನ ಚಿನ್ನದಲ್ಲಿ ಎರಡು ಬಗೆ. ಲೋಹವನ್ನು ಆಳವಾಗಿ ಕೊರೆದು ಚಿನ್ನ ಕೂರಿಸುವುದು ಒಂದು; ಬೀದರಿನ ಬಿದ್ರಿ ಕೆಲಸ ನೋಡಿದವರಿಗೆ ಪರಿಚಿತ, ಅಲ್ಲಿ ಬೆಳ್ಳಿ ಇಲ್ಲಿ ಚಿನ್ನ. ಇನ್ನೊಂದು ಕೋಫ್ತಗಾರಿ. ಉಕ್ಕಿನ ಮೇಲೆ ಸಣ್ಣ ಗೀರುಗಳನ್ನು ಅಡ್ಡಡ್ಡ ಎಳೆದು ಒರಟು ಮಾಡಿ, ಚಿನ್ನದ ತಂತಿಯನ್ನು ಅದರ ಮೇಲೆ ಬಡಿದು ಅಂಟಿಸುವುದು. ಯಾವುದೆಂದು ತಿಳಿಯಲು ಚಿನ್ನ ಸವೆದಿರುವ ಜಾಗ ಹುಡುಕಿ. ಬಲೆಯಂಥ ಗೀರು ಕಂಡರೆ ಕೋಫ್ತಗಾರಿ, ತೋಡಿದ ಗುಳಿ ಕಂಡರೆ ಕೂರಿಸಿದ ಚಿನ್ನ.

ತಲ್ವಾರಿನ ಹಿಡಿ ಮಗುವಿನ ಕೈಗೆ ಮಾಡಿದಂತೆ ಚಿಕ್ಕದಿರುವುದನ್ನು ಕಂಡು ‘ಆಗಿನವರ ಕೈ ಸಣ್ಣದಿತ್ತು’ ಎನ್ನುವ ಮಾತು ಪಕ್ಕದಲ್ಲಿ ಕೇಳಿಬಂದೇ ಬರುತ್ತದೆ. ಹಾಗಲ್ಲ. ಅಂಗೈ ಬಿಗಿಯಾಗಿ ಸಿಕ್ಕಿಕೊಳ್ಳಲೆಂದೇ ಆ ಅಳತೆ. ತುದಿಯ ತಟ್ಟೆ ಮಣಿಕಟ್ಟನ್ನು ತಡೆಯುವುದರಿಂದ ಕೈ ಸಿಕ್ಕಾಪಟ್ಟೆ ತಿರುಗದೆ, ತೋಳಿನಿಂದ ಎಳೆದು ಕೊಯ್ಯುವ ಏಟು ಬೀಳುತ್ತದೆ. ಭಾರತದ ಹಿಡಿಗೆ ಯುರೋಪಿನ ನೇರ ಅಲಗು ಜೋಡಿಸಿದ ಕತ್ತಿಗೆ ‘ಫಿರಂಗಿ’ ಎಂದು ಹೆಸರು. ನಮ್ಮಲ್ಲಿ ಫಿರಂಗಿಯೆಂದರೆ ತೋಪು, ಗೊಂದಲ ಬೇಡ. ಅದರಲ್ಲಿ ಹಿಡಿಯ ಹತ್ತಿರ ಅಲಗಿನ ಮೇಲೆ ಯುರೋಪಿನ ಕುಶಲಕರ್ಮಿಯ ಮುದ್ರೆ ಹುಡುಕಿ. ಓಎ 1409 ಸಂಖ್ಯೆಯ ಮೊಘಲ್ ಬಾಕನ್ನು ತಪ್ಪಿಸಿಕೊಳ್ಳಬೇಡಿ. ಜಹಾಂಗೀರನ ಕಾಲದ್ದು, ಚಿನ್ನದ ಹಿಡಿಯ ಮೇಲೆ ಮಾಣಿಕ್ಯ, ಪಚ್ಚೆ, ವಜ್ರದ ಹೂಬಳ್ಳಿ. ಎಲ್ಲರೂ ಹಿಡಿ ನೋಡಿ ಮುಂದೆ ಹೋಗುತ್ತಾರೆ, ನೀವು ಅಲಗನ್ನೂ ನೋಡಿ.

ಉಂಗುರ ಹೆಣೆದ ಅಂಗಿಗಳ ಮುಂದೆ ಮಾನಾಕ್ಯುಲರ್ ಮತ್ತೆ ಹೊರಗೆ ಬರಲಿ. ಪ್ರತಿ ಉಂಗುರದ ಕೂಡುವಲ್ಲಿ ಚುಕ್ಕೆಯಂಥ ರಿವೆಟ್ ಇದ್ದರೆ ಅದು ಯುದ್ಧಕ್ಕೆ ಮಾಡಿದ್ದು. ತುದಿಗಳು ಸುಮ್ಮನೆ ಒಂದಕ್ಕೊಂದು ತಾಗಿದ್ದರೆ ಮೊನೆಯ ಇರಿತಕ್ಕೆ ಉಂಗುರ ಬಾಯಿಬಿಡುತ್ತದೆ. ಅಂಥವು ಬಹುಮಟ್ಟಿಗೆ ತಡವಾದ ಕಾಲದವು, ಮೆರವಣಿಗೆಗೆ ಸರಿ.

ಇಷ್ಟಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಒಂದು ಕಾಫಿ ಕುಡಿದು ಯುರೋಪಿನ ಕೋಣೆಗಳಿಗೆ ಬನ್ನಿ. ಅಲ್ಲಿ ಎಲ್ಲರ ಕಣ್ಣೂ ಬೀಳುವುದು ಎ21ರ ಮೇಲೆ: ಸುಮಾರು 1480ರಲ್ಲಿ ಜರ್ಮನಿಯ ಲಾಂಡ್‌ಶುಟ್‌ನಲ್ಲಿ ತಯಾರಾದ, ಸವಾರನಿಗೂ ಕುದುರೆಗೂ ಸೇರಿದ ಪೂರ್ತಿ ಕವಚ. ಸವಾರನದು 27 ಕೆಜಿ, ಕುದುರೆಯದು ಜೀನು ಸೇರಿ 30 ಕೆಜಿ. 27 ಕೆಜಿ ಅಂದರೆ ಒಂದು ಅಕ್ಕಿ ಮೂಟೆಗಿಂತ ತುಸು ಹೆಚ್ಚು, ಆದರೆ ಮೂಟೆಯ ಹಾಗೆ ಒಂದೇ ಕಡೆ ಕೂರದೆ ಮೈಯೆಲ್ಲ ಹಂಚಿಕೊಂಡಿರುತ್ತದೆ. ಕವಚ ತೊಟ್ಟವನನ್ನು ಕ್ರೇನಿನಿಂದ ಎತ್ತಿ ಕುದುರೆ ಮೇಲೆ ಕೂರಿಸುತ್ತಿದ್ದರು ಎಂಬುದು ಕಟ್ಟುಕತೆ. ತಗಡಿನ ಮೇಲಿನ ಏಣುಗಳನ್ನು ಬರಿಯ ಅಲಂಕಾರ ಎಂದುಕೊಳ್ಳಬೇಡಿ. ಮನೆಯ ಚಾವಣಿಯ ಸುಕ್ಕುಗಟ್ಟಿದ ಶೀಟ್ ತೆಳುವಾಗಿದ್ದೂ ಬಾಗದೆ ನಿಲ್ಲುವ ಗುಟ್ಟೇ ಇಲ್ಲೂ ಇರುವುದು.

ಕವಚವನ್ನು ಮುಂದಿನಿಂದ ನೋಡಿ ಫೋಟೋ ತೆಗೆದು ಹೊರಟರೆ ನೋಡಿದ ಹಾಗಲ್ಲ. ಸುತ್ತ ಬನ್ನಿ. ಕಂಕುಳು, ಮೊಣಕೈಯ ಒಳಮಡಿಕೆ, ಮಂಡಿಯ ಹಿಂದೆ, ಕೆಲಸಗಾರನ ಬುದ್ಧಿ ಕಾಣುವುದು ಅಲ್ಲೇ. ಸಣ್ಣ ಪಟ್ಟಿಗಳು ಒಂದರ ಕೆಳಗೊಂದು ಸರಿಯುತ್ತವೆ. ಕೆಲವಕ್ಕೆ ಒಳಗೆ ಚರ್ಮದ ಪಟ್ಟಿ, ಕೆಲವಕ್ಕೆ ಉದ್ದ ತೂತಿನಲ್ಲಿ ಜಾರುವ ರಿವೆಟ್. ಚರ್ಮ ಬಹುಪಾಲು ಹೊಸದಾಗಿ ಹಾಕಿದ್ದು, ಐನೂರು ವರ್ಷ ಉಳಿಯುವ ವಸ್ತು ಅದಲ್ಲ. ಬಿಡಿಭಾಗಗಳನ್ನು ಬೇರೆಬೇರೆ ಕವಚಗಳಿಂದ ತಂದು ಜೋಡಿಸುವುದು 19ನೇ ಶತಮಾನದ ಸಂಗ್ರಾಹಕರ ರೂಢಿ, ಆದ್ದರಿಂದ ಯಾವ ಭಾಗ ಮೂಲದ್ದು, ಯಾವುದು ಸೇರಿಸಿದ್ದು ಎಂದು ವಿವರಣೆಯಲ್ಲಿ ಓದಿ. ಮುದ್ರೆ ಹುಡುಕುವ ಚಟವಿದ್ದರೆ: ನ್ಯೂರೆಂಬರ್ಗ್‌ನದು ‘ಎನ್’ ಅಕ್ಷರ, ಆಗ್ಸ್‌ಬರ್ಗ್‌ನದು ಪೈನ್ ಮರದ ಕಾಯಿ. ನ್ಯೂರೆಂಬರ್ಗ್‌ನ ಹಾನ್ಸ್ ರಿಂಗ್ಲರ್ 1530ರ ದಶಕದಲ್ಲಿ ಜರ್ಮನಿಯ ಅರಸುಮನೆತನದ ಆಟ್ಟೊ ಹೈನ್ರಿಕ್‌ಗಾಗಿ ಮಾಡಿದ ಕಪ್ಪು–ಚಿನ್ನದ ಕವಚ (ಎ29), ಗ್ರೀನಿಚ್ ಕಾರ್ಯಾಗಾರದ ಲಾರ್ಡ್ ಬಕ್‌ಹರ್ಸ್ಟ್ ಕವಚ (ಎ62), ಇವೆರಡರ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.

ಫೋಟೋಗೆ ಫ್ಲ್ಯಾಶ್ ಬೇಡ, ಹಾಕಿದರೂ ಗಾಜಿನ ಮೇಲಿನ ಬಿಳಿ ಚುಕ್ಕೆಯಷ್ಟೇ ಬರುತ್ತದೆ. ಮೊಬೈಲಿನ ಲೆನ್ಸನ್ನು ಗಾಜಿಗೆ ಹತ್ತಿರ ಹಿಡಿದು, ಸುತ್ತ ಕೈ ಅಡ್ಡ ಮಾಡಿದರೆ ಪ್ರತಿಬಿಂಬ ಹೋಗುತ್ತದೆ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಇದ್ದವರು ಗಾಜನ್ನು ಓರೆಯಾಗಿ ನೋಡಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ ಎಂಬುದನ್ನು ನೆನಪಿಡಿ. ನೇರ ಎದುರಿನಿಂದ ಅದು ಬೆಳಕು ನುಂಗುವುದು ಬಿಟ್ಟರೆ ಏನೂ ಮಾಡದು.

ಎರಡನೆಯ ದಿನ ಲೀಡ್ಸ್. ಕಿಂಗ್ಸ್ ಕ್ರಾಸ್‌ನಿಂದ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಟಿಕೆಟ್ಟನ್ನು ವಾರಗಳ ಮುಂಚೆ ತೆಗೆದರೆ ದರ ಬಹಳ ಇಳಿಯುತ್ತದೆ, ಆದರೆ ‘ಅಡ್ವಾನ್ಸ್’ ಟಿಕೆಟ್ ನಮೂದಿಸಿದ ರೈಲಿಗೆ ಮಾತ್ರ. ಸಂಜೆಯ ಟಿಕೆಟ್ ಹೊತ್ತು ಮಧ್ಯಾಹ್ನದ ರೈಲು ಹತ್ತಿದರೆ ಹೊಸ ಟಿಕೆಟ್ಟಿನ ಹಣ ತೆರಬೇಕಾದೀತು. ನಿಲ್ದಾಣದಿಂದ ರಾಯಲ್ ಆರ್ಮರೀಸ್ ಇರುವ ಲೀಡ್ಸ್ ಡಾಕ್‌ಗೆ ಇಪ್ಪತ್ತು ನಿಮಿಷದ ನಡಿಗೆ. ಸೋಮವಾರ ತೆರೆದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಈ ಸಂಸ್ಥೆಗೆ ಲೀಡ್ಸ್, ಟವರ್ ಆಫ್ ಲಂಡನ್, ಪೋರ್ಟ್ಸ್‌ಮತ್ ಬಳಿಯ ಫೋರ್ಟ್ ನೆಲ್ಸನ್ ಎಂದು ಮೂರು ನೆಲೆ. ನೀವು ಬಯಸಿದ ವಸ್ತು ಯಾವುದರಲ್ಲಿದೆ ಎಂಬುದನ್ನು ಜಾಲತಾಣದಲ್ಲಿ ಖಚಿತ ಮಾಡಿಕೊಳ್ಳದೆ ಹೊರಟರೆ ಇಡೀ ದಿನ ವ್ಯರ್ಥ.

ಇಲ್ಲಿ ನಮ್ಮವರು ಮೊದಲು ನೋಡಬೇಕಾದದ್ದು ಆನೆಯ ಕವಚ. ಸುಮಾರು 1600ರ ಕಾಲದ್ದು. ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಹೆಂಡತಿ ಭಾರತದಿಂದ ತಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿಟ್ಟಿದ್ದಳು. ಉಳಿದಿರುವುದು 5,840 ತಗಡು, 118 ಕೆಜಿ. ಪೂರ್ತಿ ಇದ್ದಾಗ 8,439 ತಗಡು, 159 ಕೆಜಿ ಎಂದು ಲೆಕ್ಕ. ಸಣ್ಣ ತಗಡುಗಳನ್ನು ಉಂಗುರಗಳಿಂದ ಹೆಣೆದು, ನಡುನಡುವೆ ಆನೆ, ಮೀನು, ಕಮಲ ಉಬ್ಬಿಸಿದ ಚೌಕಗಳನ್ನು ಸೇರಿಸಿದ್ದಾರೆ. ದಸರೆಯ ಆನೆ ನೋಡಿ ಬೆಳೆದ ಕಣ್ಣಿಗೆ ಆ ಗಾತ್ರ ಅಂದಾಜಿಗೆ ಸಿಗುತ್ತದೆ, ಆ ಹೆಣಿಗೆ ಮಾತ್ರ ಹೊಸತು.

ಇಂಗ್ಲೆಂಡಿನ ದೊರೆ ಹೆನ್ರಿ 8ರ ಎರಡು ವಸ್ತುಗಳೂ ಇಲ್ಲಿನ ಹೆಮ್ಮೆ. 1520ರಲ್ಲಿ ನೆಲದ ಮೇಲಿನ ದ್ವಂದ್ವಕ್ಕೆ ಮಾಡಿಸಿದ, ಮೈಯ ಒಂದಿಂಚೂ ಬಿಡದೆ ಮುಚ್ಚುವ ಕವಚ 42 ಕೆಜಿಗೂ ಹೆಚ್ಚು. ಪಂದ್ಯದ ನಿಯಮ ಬದಲಾದ್ದರಿಂದ ಅರ್ಧಕ್ಕೇ ಬಿಟ್ಟರು, ಸುತ್ತಿಗೆಯ ಒರಟು ಗುರುತು ಈಗಲೂ ಇದೆ. ಪೂರ್ಣಗೊಂಡ ನಯವಾದ ಕವಚಕ್ಕಿಂತ ಕಲಿಯುವವರಿಗೆ ಇದೇ ಮೇಲು. ಇನ್ನೊಂದು, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕಾಣಿಕೆ ಕೊಟ್ಟ, ಟಗರಿನ ಕೊಂಬೂ ಕನ್ನಡಕವೂ ಇರುವ ಶಿರಸ್ತ್ರಾಣ. ಇನ್ಸ್‌ಬ್ರುಕ್‌ನ ಕೊನ್ರಾಡ್ ಸ್ಯೂಸೆನ್‌ಹೋಫರ್‌ನ ಕೈಕೆಲಸ.

ಕೈಯಲ್ಲಿ ಹಿಡಿದು ಅಭ್ಯಾಸ ಮಾಡಬೇಕೆನ್ನುವ ಸಂಶೋಧಕರು ತಿಂಗಳುಗಳ ಮುಂಚೆ, ವಸ್ತುಗಳ ಸಂಖ್ಯೆ ಮತ್ತು ಉದ್ದೇಶ ನಮೂದಿಸಿ ಸಂಗ್ರಹ ವಿಭಾಗಕ್ಕೆ ಬರೆಯಬೇಕು. ‘ಭಾರತದ ಕತ್ತಿಗಳೆಲ್ಲ’ ಎಂದು ಕೇಳಿದರೆ ಉತ್ತರ ಬರುವುದು ಅನುಮಾನ, ಮೂರೋ ನಾಲ್ಕೋ ಸಂಖ್ಯೆ ಕೊಟ್ಟರೆ ದಾರಿ ಇದೆ. ಕೈಗವಸು ಕಡ್ಡಾಯ, ಏಕೆಂದರೆ ಬೆವರಿನ ಉಪ್ಪು ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ.

ನೆನಪಿಗೆಂದು ಮಾದರಿ ಕತ್ತಿ ಕೊಳ್ಳುವ ಆಸೆಯಾದರೆ ತಡೆದುಕೊಳ್ಳಿ. ವಿಮಾನದ ಕ್ಯಾಬಿನ್‌ಗೆ ಬಿಡುವುದಿಲ್ಲ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಹರಿತ ಅಲಗು ನಮ್ಮ ಆಯುಧ ಕಾನೂನಿನ ವ್ಯಾಪ್ತಿಗೆ ಬರುವುದರಿಂದ ಬೆಂಗಳೂರಿನ ಕಸ್ಟಮ್ಸ್‌ನಲ್ಲೂ ವಿವರಣೆ ಕೊಡುತ್ತ ನಿಲ್ಲಬೇಕಾದೀತು. ಅದರ ಬದಲು ಸಂಗ್ರಹದ ಕೈಪಿಡಿ ಕೊಳ್ಳಿ, ಕೈಚೀಲದಲ್ಲೇ ಹಿಡಿಸುತ್ತದೆ.