ಬಾಣಂತನಕ್ಕೆ ಜರ್ಮನಿಗೆ: ಕೆಂಪು ಪೆನ್ನಿನ ತೊಂಬತ್ತು ದಿನ

ನಮ್ಮ ಅಡುಗೆಮನೆ ಬಾಗಿಲ ಹಿಂದೆ 2025ರ ಕ್ಯಾಲೆಂಡರ್ ಇನ್ನೂ ನೇತಾಡುತ್ತಿದೆ. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರದ ದಿನಸಿ ಅಂಗಡಿಯವರು ಕೊಟ್ಟದ್ದು. ಏಕಾದಶಿ, ಅಮಾವಾಸ್ಯೆ, ರಾಹುಕಾಲದ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ ನಾನು ಬರೆದ ಅಂಕಿಗಳಿವೆ. ಮಾರ್ಚ್ 14ರ ಚೌಕದಲ್ಲಿ 1. ಜೂನ್ 8ರ ಚೌಕದಲ್ಲಿ 87. ಅಷ್ಟು ದಿನ ನಾನೂ ನಮ್ಮ ಮನೆಯವರೂ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮಗಳ ಬಾಣಂತನಕ್ಕೆಂದು ಇದ್ದೆವು.

ಹಾಸನದಲ್ಲಿ ಈಗ ಯಾವ ಬೀದಿಗೆ ಹೋದರೂ ಒಂದು ಮನೆಯ ಮಗಳೋ ಮಗನೋ ಹೊರದೇಶದಲ್ಲಿ ಇರುತ್ತಾರೆ. ವಾಕಿಂಗ್‌ನಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳೋದು ಒಂದೇ. "ಅಲ್ಲಿ ಎಷ್ಟು ದಿನ ಇರಬಹುದು ಟೀಚರ್?" ಮೂರು ತಿಂಗಳು ಅಂದುಕೊಂಡರೆ ತಪ್ಪು. ವೀಸಾದಲ್ಲಿ ಬರೆದ ಕೊನೆ ತಾರೀಕಿನವರೆಗೆ ಅಂದುಕೊಂಡರೆ ಇನ್ನೂ ದೊಡ್ಡ ತಪ್ಪು. ಆ ದೊಡ್ಡ ತಪ್ಪನ್ನು ನಾವು ಮಾಡಿದ್ದೆವು. ಅದೂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ನಾನು ಮನೆಯಲ್ಲಿದ್ದೂ.

ಆಗಿದ್ದು ಇಷ್ಟು. ಪಾಸ್‌ಪೋರ್ಟ್ ಕೊರಿಯರ್‌ನಲ್ಲಿ ಬಂತು. ಒಳಗೆ ವೀಸಾ ಚೀಟಿ ಅಂಟಿಸಿದ್ದರು. ನಮ್ಮ ಮನೆಯವರು ಕನ್ನಡಕ ಏರಿಸಿ ಓದಿದರು. ಮಾರ್ಚ್ 14ರಿಂದ ಜೂನ್ 26ರವರೆಗೆ! "ನೋಡೇ, ನಾವು ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ಟಿದ್ದಾರೆ" ಅಂದರು. ಜೂನ್ 8ಕ್ಕೆ ಇದ್ದ ವಾಪಸ್ ಟಿಕೆಟ್ಟನ್ನು ಅವತ್ತು ಸಂಜೆಯೇ ಜೂನ್ 22ಕ್ಕೆ ಬದಲಿಸಿದರು. ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಳಿಯ ಚೀಟಿ ತೋರಿಸಿ ಅಂದ. ನೋಡಿದವನೇ, "ಮಾವ, ಆ ತಾರೀಕು ಬಿಡಿ. ಕೆಳಗೆ ದಿನ ಅಂತ ಒಂದು ಅಂಕಿ ಇದೆಯಲ್ಲ, ಅದು ಎಷ್ಟು?" ಅಂದ. 90.

ಮಾರ್ಚ್ 14ರಿಂದ ಎಣಿಸಿದರೆ ತೊಂಬತ್ತನೇ ದಿನ ಜೂನ್ 11. ಉಳಿದ ಹದಿನೈದು ದಿನ ಯಾಕೆ ಅಂದರೆ, ಹೊರಡೋದು ನಾಲ್ಕು ದಿನ ಹಿಂದೆ ಮುಂದೆ ಆದರೂ ತೊಂದರೆ ಆಗದಿರಲಿ ಅಂತ ಕೊಡುವ ಸಡಿಲ. ನಮ್ಮ ಹಾಸನಾಂಬೆ ಗುಡಿಯನ್ನು ನೆನೆಸಿಕೊಳ್ಳಿ. ಬಾಗಿಲು ಇಷ್ಟು ದಿನ ತೆರೆದಿರುತ್ತೆ ಅನ್ನೋದು ಒಂದು. ನೀವು ಒಳಗೆ ಎಷ್ಟು ಹೊತ್ತು ನಿಲ್ಲಬಹುದು ಅನ್ನೋದು ಇನ್ನೊಂದು. ಚೀಟಿಯ ಮೇಲಿನ ತಾರೀಕುಗಳು ಬಾಗಿಲು ತೆರೆದಿರುವ ದಿನಗಳು, ಅಷ್ಟೆ. ಮಾರನೇ ದಿನ ಟಿಕೆಟ್ ಮತ್ತೆ ಜೂನ್ 8ಕ್ಕೆ ಬಂತು. ಎರಡು ಸಲ ದಂಡ ಕಟ್ಟಿದ್ದಕ್ಕೆ ನಮ್ಮ ಮನೆಯವರು ಒಂದು ವಾರ ಆ ವಿಷಯ ಎತ್ತಲಿಲ್ಲ. ನಾನು ಎತ್ತಿದೆ.

ಈಗ ಮೊದಲಿನಿಂದ ಹೇಳುತ್ತೇನೆ. ಜರ್ಮನಿ ಸೇರಿ 29 ದೇಶಗಳು ಶೆಂಗೆನ್ ಅನ್ನೋ ಒಂದೇ ವಲಯದಲ್ಲಿವೆ. ಅಲ್ಪಾವಧಿಗೆ ಹೋಗುವವರಿಗೆ ಅಷ್ಟೂ ದೇಶ ಸೇರಿ ವೀಸಾ ಒಂದೇ, ದಿನದ ಲೆಕ್ಕವೂ ಒಂದೇ. ಅಪ್ಪ ಅಮ್ಮ ಮಕ್ಕಳನ್ನು ನೋಡಲು ಹೋಗೋದು ಸಾಮಾನ್ಯವಾಗಿ ಅಲ್ಪಾವಧಿ ವೀಸಾದಲ್ಲಿ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ತೀರಾ ತಡ ಅಂದರೂ ಹೊರಡೋದಕ್ಕೆ ಹದಿನೈದು ದಿನ ಮುಂಚೆ ಹಾಕಿರಬೇಕು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ವೀಸಾ ಸಿಗದಿದ್ದರೂ ದುಡ್ಡು ವಾಪಸ್ ಬರಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಹೆರಿಗೆ ತಾರೀಕು ನಿಮ್ಮ ಫೈಲಿಗಾಗಿ ಕಾಯಲ್ಲ. ಹಾಗಾಗಿ ಸೀಮಂತ ಆದ ವಾರವೇ ಕೆಲಸ ಶುರು ಮಾಡಿ.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಾಗಿಲ್ಲ, ಹಾಸನದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ವಾಪಸ್ ಬರುವ ದಿನದ ಮೇಲೆ ಇನ್ನೂ ಮೂರು ತಿಂಗಳು ಅದರ ಅವಧಿ ಇರಬೇಕು, ಎರಡು ಖಾಲಿ ಪುಟ ಇರಬೇಕು. ವೀಸಾ ಅರ್ಜಿಗೆ ಮಾತ್ರ ಬೆಂಗಳೂರಿಗೆ ಹೋಗಿ ಹತ್ತೂ ಬೆರಳಿನ ಅಚ್ಚು ಕೊಡಬೇಕು.

ನಮ್ಮನ್ನು ಅತಿ ಹೆಚ್ಚು ಸತಾಯಿಸಿದ್ದು ಹೆಸರು. ಇದು ನಮ್ಮ ಕಡೆಯವರದೇ ಕಾಯಿಲೆ. ನಮ್ಮ ಮನೆಯವರ ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಉದ್ದಕ್ಕೆ ಬರೆದಿದೆ. ಮಗಳ ಜನನ ಪತ್ರದಲ್ಲಿ ಎರಡು ಇನಿಶಿಯಲ್ ಅಷ್ಟೆ. ನನ್ನ ಹೆಸರಿನ ಕೊನೆಗೆ ಒಂದು ಕಡೆ 'ಮ್ಮ' ಇದೆ, ಇನ್ನೊಂದು ಕಡೆ ಇಲ್ಲ. ಹಾಸನದಲ್ಲಿ ಇದು ಯಾರಿಗೂ ವಿಷಯವೇ ಅಲ್ಲ. ಆದರೆ ದೂರದ ಕಚೇರಿಯಲ್ಲಿ ಕೂತ ಅಧಿಕಾರಿಗೆ ಇವಳು ನಿಮ್ಮ ಮಗಳೇ ಅನ್ನೋದಕ್ಕೆ ಆಧಾರ ಕಾಗದ ಮಾತ್ರ. ಕೋರ್ಟ್ ಹತ್ತಿರ ನೋಟರಿ ಬಳಿ ಎರಡು ಥರ ಬರೆದ ಹೆಸರೂ ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ, ಮದುವೆ ನೋಂದಣಿ ಪತ್ರದ ಜೊತೆ ಇಟ್ಟೆವು. ಕನ್ನಡದಲ್ಲಿರುವ ಕಾಗದ ಯಾವುದಿದ್ದರೂ ಇಂಗ್ಲಿಷ್ ಅನುವಾದ ಬೇಕು. ಜಮೀನು ಇರುವವರು ಪಹಣಿಯನ್ನೂ ಅನುವಾದಿಸಿ ಇಡಿ. ದುಡ್ಡಿಗಿಂತ ಜಾಸ್ತಿ, ಊರಲ್ಲಿ ನಿಮಗೆ ವಾಪಸ್ ಬರೋಕೆ ಏನಿದೆ ಅನ್ನೋದನ್ನು ಅದು ಹೇಳುತ್ತೆ. ಬ್ಯಾಂಕ್ ಪುಸ್ತಕದಲ್ಲಿ ಅರ್ಜಿಗೆ ಎರಡು ದಿನ ಮುಂಚೆ ಲಕ್ಷಗಟ್ಟಲೆ ತುಂಬಬೇಡಿ. ಆಲೂಗಡ್ಡೆಯದೋ ಕಾಫಿಯದೋ ದುಡ್ಡು ನಿಜವಾಗಿಯೂ ಆಗಲೇ ಬಂದಿದ್ದರೆ ಮಾರಿದ ರಸೀದಿ ಜೊತೆಗಿಡಿ.

ಫೋಟೋದ್ದು ಒಂದು ತಮಾಷೆ. ಅಳತೆ 35ಕ್ಕೆ 45 ಮಿಲಿಮೀಟರ್, ಹಿಂದೆ ತಿಳಿ ಬಣ್ಣ. ಸ್ಟುಡಿಯೋದ ಹುಡುಗ ಅಳತೆ ಸರಿಯಾಗೇ ಮಾಡಿದ. ಜೊತೆಗೆ ಪ್ರೀತಿಯಿಂದ ನನ್ನ ಮುಖದ ಸುಕ್ಕೆಲ್ಲ ತೆಗೆದು, ಹತ್ತು ವರ್ಷ ಇಳಿಸಿ, ಬೆಳ್ಳಗೆ ಮಾಡಿಕೊಟ್ಟ. ಬೆಂಗಳೂರಿನಲ್ಲಿ ಅದು ನಡೆಯಲಿಲ್ಲ, ಅಲ್ಲೇ ಹೊಸದಾಗಿ ತೆಗೆಸಿದೆವು. ಹಳೆಯದನ್ನು ನಾನು ಆಲ್ಬಮ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಜರ್ಮನಿ ಕಡೆಯಿಂದ ಮಕ್ಕಳು ಮಾಡಬೇಕಾದ ಕೆಲಸ ಒಂದಿದೆ. ನಮ್ಮ ಅಪ್ಪ ಅಮ್ಮನ ಖರ್ಚೆಲ್ಲ ನಮ್ಮದೇ ಅಂತ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ಹೊಣೆ ಪತ್ರ. ಫೆರ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್ ಅಂತ ಅದರ ಹೆಸರು. ಹೇಳೋಕೆ ಹೋಗಬೇಡಿ, ಹಲ್ಲು ಸೆಟ್ ಇದ್ದರೆ ಕಷ್ಟ. ಶುಲ್ಕ 29 ಯೂರೋ. ಅದರ ಅಸಲು ಪ್ರತಿಯೇ ಅರ್ಜಿ ಜೊತೆ ಬೇಕು, ಕೊಟ್ಟ ಆರು ತಿಂಗಳೊಳಗೆ ಬಳಸಬೇಕು. ನಮ್ಮ ಅಳಿಯನಿಗೆ ಅದಕ್ಕೆ ಸಮಯ ಸಿಗೋಕೇ ವಾರಗಳು ಹಿಡಿದವು. ನೀವು ಹಾಸನದಲ್ಲಿ ಕಾಗದ ಜೋಡಿಸುವ ಮೊದಲೇ ಅವರು ಅಲ್ಲಿ ಸಾಲಿನಲ್ಲಿ ನಿಲ್ಲಲಿ.

ವಿಮೆ ಕಡ್ಡಾಯ, ಕನಿಷ್ಠ 30,000 ಯೂರೋದ್ದು, ಇರುವ ಅಷ್ಟೂ ದಿನಕ್ಕೆ. ಕಡಿಮೆ ಬೆಲೆಯದನ್ನು ಕಣ್ಣು ಮುಚ್ಚಿ ತಗೋಬೇಡಿ. ಬಿಪಿ, ಶುಗರ್ ಇರುವವರು ಹಳೆ ಕಾಯಿಲೆ ಬಗ್ಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಓದಿ. ಮಾತ್ರೆಗಳನ್ನು ಇಲ್ಲಿಂದಲೇ ತಗೊಂಡು ಹೋಗಿ. ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧಿಯ ಹೆಸರು ಇರಲಿ.

ಇನ್ನು ತುಪ್ಪ. ಬಾಣಂತಿಗೆ ಅಂತ ನಮ್ಮ ಅತ್ತಿಗೆ ಅರಸೀಕೆರೆಯಿಂದ ಎರಡು ಕೆ.ಜಿ. ಹಸುವಿನ ತುಪ್ಪ ಕಾಯಿಸಿ ತಂದಿದ್ದರು. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಪ್ರಯಾಣಿಕರು ಯುರೋಪಿಯನ್ ಒಕ್ಕೂಟಕ್ಕೆ ತರುವ ಹಾಗಿಲ್ಲ. ತುಪ್ಪವೂ ಅದರಲ್ಲೇ ಬರುತ್ತೆ. ಮಗಳು "ಅಮ್ಮ, ಬೇಡಮ್ಮ" ಅಂತ ಫೋನಿನಲ್ಲಿ ಗೋಗರೆದಳು. ತುಪ್ಪ ಹಾಸನದಲ್ಲೇ ಉಳಿಯಿತು. ಅಲ್ಲಿ ಹೋಗಿ ಉಪ್ಪಿಲ್ಲದ ಬೆಣ್ಣೆ ತಂದು ಒಲೆ ಮೇಲಿಟ್ಟೆ. ಹದಕ್ಕೆ ಬಂದಾಗ ಒಂದು ವೀಳ್ಯದೆಲೆ ಹಾಕೋಣ ಅಂದರೆ ಎಲೆ ಇಲ್ಲ. ಆದರೂ ಹರಳು ಹರಳಾಗಿ ಚೆನ್ನಾಗೇ ಬಂತು. ಕರಿಬೇವು ಸೊಪ್ಪು, ಹಸಿ ತರಕಾರಿ ಕೂಡ ಒಯ್ಯಬೇಡಿ. ಒಣಗಿಸಿ ಪುಡಿ ಮಾಡಿದ ಬಾಣಂತಿ ಖಾರ, ಮೆಂತ್ಯದ ಪುಡಿ, ಸಾರಿನ ಪುಡಿ ತೊಂದರೆ ಇಲ್ಲದೆ ಬಂದವು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ವಯಸ್ಸಾದವರಿಗೆ ನಡುವೆ ಇಳಿದು ಹತ್ತುವ ಪಾಡು ಬೇಡ, ಸ್ವಲ್ಪ ಜಾಸ್ತಿ ಆದರೂ ನೇರದ್ದೇ ತಗೊಳ್ಳಿ. ಹೊಣೆ ಪತ್ರದ ನಕಲು, ವಿಮೆ, ವಾಪಸ್ ಟಿಕೆಟ್, ಮಗಳ ವಿಳಾಸ ಕೈಚೀಲದಲ್ಲೇ ಇರಲಿ. ಕೌಂಟರ್‌ನಲ್ಲಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಯಾಕೆ ಬಂದಿರಿ, ಯಾವಾಗ ವಾಪಸ್. "ಡಾಟರ್, ಬೇಬಿ. ಜೂನ್ ಎಯ್ಟ್" ಅಂದೆ. ಮುದ್ರೆ ಬಿತ್ತು. ಆ ಮುದ್ರೆಯ ತಾರೀಕೇ ನಿಮ್ಮ ಒಂದನೇ ದಿನ. ರಾತ್ರಿ ಹನ್ನೊಂದಕ್ಕೆ ಇಳಿದರೂ ಅದು ಪೂರ್ತಿ ಒಂದು ದಿನ. ವಾಪಸ್ ಹೊರಡುವ ದಿನವೂ ಲೆಕ್ಕಕ್ಕೆ.

ಈಗ ಮುದ್ರೆಯ ಕಾಲ ಮುಗಿಯುತ್ತಿದೆ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಬೆರಳಚ್ಚು, ಮುಖದ ಫೋಟೋ ತೆಗೆದು ಕಂಪ್ಯೂಟರ್‌ನಲ್ಲೇ ಬರೆದುಕೊಳ್ಳುವ ವ್ಯವಸ್ಥೆ ಶುರುವಾಗಿದೆ. 2026ರ ಏಪ್ರಿಲ್ 10ಕ್ಕೆ ಎಲ್ಲ ಗಡಿಗಳಲ್ಲೂ ಅದೇ ಅಂತ ನಿಗದಿ ಮಾಡಿದ್ದರು. ಮುದ್ರೆ ಮಸುಕಾಗಿತ್ತು, ನೋಡಲಿಲ್ಲ ಅನ್ನೋ ಮಾತಿಗೆ ಇನ್ನು ಜಾಗ ಇಲ್ಲ.

ಬಾಣಂತನದ ಕಥೆ ಬರೆಯೋಕೆ ಕೂತರೆ ಇದು ಮುಗಿಯಲ್ಲ. ಒಂದೇ ಹೇಳುತ್ತೇನೆ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನವೇ ಸೂರಿನಲ್ಲಿದ್ದ ಹೊಗೆ ಯಂತ್ರ ಇಡೀ ಕಟ್ಟಡ ಕೇಳುವಂತೆ ಕಿರುಚಿತು. ಅವತ್ತು ಭಾನುವಾರ ಬೇರೆ. ಅಲ್ಲಿ ಭಾನುವಾರ ಅಂಗಡಿಯೂ ಇಲ್ಲ, ಸದ್ದೂ ಇಲ್ಲ. ಮೇಲಿನ ಮನೆಯ ಅಜ್ಜಿ ಗಾಬರಿಯಿಂದ ಇಳಿದು ಬಂದವರು ಮಗುವನ್ನು ನೋಡಿ ಕರಗಿ ಹೋದರು. ಸಾಂಬ್ರಾಣಿ ಡಬ್ಬಿ ಅವತ್ತೇ ಸೂಟ್‌ಕೇಸ್ ಸೇರಿತು.

ಹೊರಡುವ ದಿನ ಹತ್ತಿರ ಬಂದಾಗ ಎಲ್ಲ ಅಮ್ಮಂದಿರಿಗೂ ಒಂದೇ ಆಸೆ. ಇನ್ನೊಂದು ತಿಂಗಳು ಇರೋಣ ಅಂತ. ಆಗಲ್ಲ. ಮಗು ಚಿಕ್ಕದು ಅನ್ನೋದು ಅವರಿಗೆ ಕಾರಣವೇ ಅಲ್ಲ. ಆಸ್ಪತ್ರೆ ಸೇರುವಂಥ ಕಾಯಿಲೆ, ವಿಮಾನಗಳೇ ನಿಂತು ಹೋಗುವುದು, ಇಂಥದ್ದಕ್ಕೆ ಮಾತ್ರ ಅವಧಿ ಬೆಳೆಸುತ್ತಾರೆ. ಅದನ್ನೂ ದಿನ ಮುಗಿಯುವ ಮೊದಲು, ಡಾಕ್ಟರ ಪತ್ರ ಹಿಡಿದು ವಿದೇಶಿಯರ ಕಚೇರಿಗೆ ಹೋಗಿ ಕೇಳಬೇಕು. ಸುಮ್ನೆ ಉಳಿದುಬಿಟ್ಟರೆ ದಂಡ, ಮುಂದಿನ ವೀಸಾಕ್ಕೆ ಕುತ್ತು.

"ಒಂದು ದಿನ ಸ್ವಿಟ್ಜರ್ಲೆಂಡ್ ನೋಡಿಕೊಂಡು ಬನ್ನಿ, ಲೆಕ್ಕ ಮೊದಲಿಂದ ಶುರು" ಅಂತ ಇಲ್ಲೊಬ್ಬರು ಏಜೆಂಟ್ ನಮಗೆ ಹೇಳಿದ್ದರು. ಸ್ವಿಟ್ಜರ್ಲೆಂಡ್ ಕೂಡ ಅದೇ 29ರಲ್ಲಿ ಒಂದು. ಆ 29ರ ಆಚೆ ಇರುವ ಲಂಡನ್‌ಗೆ ಹೋಗಿ ಬಂದರೂ ಲೆಕ್ಕ ಮೊದಲಿಂದ ಶುರುವಾಗಲ್ಲ. ನಿಯಮ ಏನೆಂದರೆ, ನೀವು ಅಲ್ಲಿರುವ ಯಾವುದೇ ದಿನ ನಿಂತು ಹಿಂದಿನ 180 ದಿನ ನೋಡಿದರೂ, ಆ ದಿನವೂ ಸೇರಿ, ನೀವು ಒಳಗಿದ್ದದ್ದು 90 ದಾಟಿರಬಾರದು.

ಇದು ನಮಗೆ ಎರಡನೇ ಸಲ ಕೆಲಸಕ್ಕೆ ಬಂತು. ಮಗಳು "ಆಗಸ್ಟ್ 20ಕ್ಕೆ ಬನ್ನಿ" ಅಂದಳು. ನಾನು ಕ್ಯಾಲೆಂಡರ್ ಇಳಿಸಿದೆ. ಆಗಸ್ಟ್ 20ರಿಂದ 180 ದಿನ ಹಿಂದಕ್ಕೆ ಹೋದರೆ ಫೆಬ್ರವರಿ 22. ನಮ್ಮ 87 ದಿನವೂ ಆ ಕಿಟಕಿಯೊಳಗೇ ಇವೆ. ಉಳಿದದ್ದು ಮೂರೇ ದಿನ! ಮಾರ್ಚ್ 14 ಆ ಕಿಟಕಿಯಿಂದ ಆಚೆ ಬೀಳೋದು ಸೆಪ್ಟೆಂಬರ್ 10ಕ್ಕೆ. ಅಲ್ಲಿಂದ ದಿನಕ್ಕೊಂದು ಹಳೆಯದು ಬೀಳುತ್ತೆ, ಒಂದು ಹೊಸದು ಸೇರುತ್ತೆ. ಒಂದೇ ಉಸಿರಿನಲ್ಲಿ ಇದ್ದು ಬಂದವರಿಗೆ ಸುಲಭ ಸೂತ್ರ ಇದು: ಹಿಂದಿನ ಸಲ ಇಳಿದ ದಿನಕ್ಕೆ 180 ಸೇರಿಸಿ, ಅವತ್ತೋ ಆಮೇಲೋ ಇಳಿಯಿರಿ. ವಾಪಸ್ ಬಂದ ದಿನದಿಂದ ಎಣಿಸಬೇಕಾಗಿಲ್ಲ. ನಾವು ಸೆಪ್ಟೆಂಬರ್ 11ಕ್ಕೆ ಇಳಿದೆವು.

ವರ್ಷಗಟ್ಟಲೆ ಅಲ್ಲೇ ಇರಬಹುದಾ ಅಂತಲೂ ಕೇಳುತ್ತಾರೆ. 2024ರ ಮಾರ್ಚ್ 1ರಂದೋ ಆಮೇಲೋ ಮೊದಲ ಸಲ ಅಲ್ಲಿ ನುರಿತ ಕೆಲಸಗಾರರ ಪರವಾನಗಿ ಪಡೆದ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಜರ್ಮನಿಯ ಕಾನೂನು ದಾರಿ ಮಾಡಿದೆ. ಖರ್ಚೂ ಆರೋಗ್ಯ ವಿಮೆಯೂ ಮಕ್ಕಳ ತಲೆ ಮೇಲೆ. ನಮ್ಮ ವಯಸ್ಸಿಗೆ ಆ ವಿಮೆಯೇ ದೊಡ್ಡ ಗುಡ್ಡ. ನಮ್ಮವರು ಅದಕ್ಕೂ ಮುಂಚೆ ಹೋದವರು, ಹಾಗಾಗಿ ನಮಗೆ ಅದು ಬರಲ್ಲ. ನಿಜ ಹೇಳಬೇಕಂದರೆ ನನಗೆ ಬೇಡವೂ ಬೇಡ. ನಮಗೆ ಬೇಕಾಗಿರೋದು ಇನ್ನೊಂದು. ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಹಲವು ಸಲ ಹೋಗಿ ಬರುವ ವೀಸಾ ಸಾಮಾನ್ಯವಾಗಿ ಕೊಡಬೇಕು ಅಂತ 2024ರ ಏಪ್ರಿಲ್‌ನಲ್ಲಿ ನಿಯಮ ಆಗಿದೆ. ನಮ್ಮದು ಎರಡೂ ಆಯಿತು. ಆದರೆ ವೀಸಾ ಎರಡು ವರ್ಷದ್ದಾದರೂ 90ರ ಲೆಕ್ಕ ಹಾಗೇ ಇರುತ್ತೆ, ಮರೀಬೇಡಿ.

ಪಿಂಚಣಿಯವರಿಗೆ ಒಂದು ಮಾತು. ನವೆಂಬರ್‌ನಲ್ಲಿ ನೀವು ಬದುಕಿದ್ದೀರಿ ಅಂತ ಬ್ಯಾಂಕಿಗೆ ತೋರಿಸಬೇಕಲ್ವಾ? ಅದಕ್ಕೇ ನಾವು ನವೆಂಬರ್ 5ಕ್ಕೆ, 56 ದಿನಕ್ಕೇ ಹೊರಟು ಬಂದೆವು. ಬಂದಾಗ ಹಾಸನಾಂಬೆ ಬಾಗಿಲು ಮುಚ್ಚಿ ಆಗಿತ್ತು. ಹುಟ್ಟಿದಾಗಿನಿಂದ ಈ ಊರಲ್ಲಿದ್ದು ದರ್ಶನ ತಪ್ಪಿದ್ದು ಇದೇ ಮೊದಲು. ಮುಂದಿನ ಸಲ ಮೊದಲು ಹಾಸನಾಂಬೆಯನ್ನು ನೋಡಿ, ಬ್ಯಾಂಕಿಗೆ ಹೋಗಿ ಸಹಿ ಹಾಕಿ, ಆಮೇಲೆ ಟಿಕೆಟ್ ಅಂತ ನಮ್ಮ ಮನೆಯವರಿಗೆ ಹೇಳಿಟ್ಟಿದ್ದೇನೆ.