ಮೇಲೆ ಬಂದು ಬಾಯಿ ಬಿಡುವ ಗಪ್ಪಿಗಳು: 14 ದಿನಗಳ ಟಿಪ್ಪಣಿ

ದಿನ 1
ಬೆಳಿಗ್ಗೆ ಲೈಟ್ ಹಾಕಿದರೆ ತೊಟ್ಟಿಯ ಆರೂ ಗಪ್ಪಿ ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಅಂಟಿಸಿಕೊಂಡು ನಿಂತಿದ್ದವು. ಹಸಿವು ಅಂದುಕೊಂಡು ಒಂದು ಚಿಟಿಕೆ ಆಹಾರ ಹಾಕಿದೆ. ಒಂದೂ ಮುಟ್ಟಲಿಲ್ಲ. ಕಿವಿರುಗಳು ಪಟಪಟ ಬಡಿದುಕೊಳ್ಳುತ್ತಿದ್ದವು.

ತೊಟ್ಟಿ 30 ಲೀಟರಿನದು. ಗಪ್ಪಿಗಳ ಜೊತೆ ಒಂದು ಗೌರಾಮಿ ಮೀನು, ಒಂದಿಷ್ಟು ಗಿಡ, ಏರ್ ಪಂಪಿನಿಂದ ಓಡುವ ಸ್ಪಂಜ್ ಫಿಲ್ಟರ್. ಗೌರಾಮಿ ಮಾತ್ರ ತನ್ನ ಪಾಡಿಗೆ ಓಡಾಡಿಕೊಂಡಿತ್ತು. ಅದನ್ನು ನೋಡಿ ಸಮಾಧಾನಪಡುವ ಹಾಗಿಲ್ಲ. ಗೌರಾಮಿ, ಬೆಟ್ಟಾದಂಥ ಮೀನುಗಳಿಗೆ ನೇರವಾಗಿ ಗಾಳಿಯನ್ನೇ ಬಳಸಿಕೊಳ್ಳುವ ಅಂಗ ತಲೆಯಲ್ಲಿರುತ್ತದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಳ್ಳುವುದು ಅವುಗಳಿಗೆ ಮಾಮೂಲಿ. ಗಪ್ಪಿಗೆ ಆ ಅನುಕೂಲ ಇಲ್ಲ.

ಸದ್ದು ಅಂತ ರಾತ್ರಿ ಪಂಪ್ ಆರಿಸುವ ಅಭ್ಯಾಸ ನನ್ನದು. ಕತ್ತಲಲ್ಲಿ ಗಿಡಗಳೂ ಆಕ್ಸಿಜನ್ ಬಳಸುತ್ತವೆ. ಮೇಲಾಗಿ ನೀರು 30 ಡಿಗ್ರಿ ಇತ್ತು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿದುಕೊಂಡರೆ, 30 ಡಿಗ್ರಿಯದು ಏಳೂವರೆಯಷ್ಟೇ. ಕಾರಣ ಸಿಕ್ಕಿತು ಅಂದುಕೊಂಡೆ. ನೀರಿನ ಮೇಲೆ ಕಟ್ಟಿದ್ದ ಎಣ್ಣೆಯಂಥ ಪದರವನ್ನು ಟಿಶ್ಯೂ ಪೇಪರಿನಿಂದ ತೆಗೆದೆ. ಪಂಪ್ ಇನ್ನು ಹಗಲೂ ರಾತ್ರಿ ಓಡಲಿ.

ದಿನ 2
ಬೆಳಿಗ್ಗೆ ಎರಡೇ ಮೇಲಿದ್ದವು. ಗೆದ್ದೆ ಅಂತ ಬೀಗಿದೆ.

ದಿನ 3
ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಆರೂ ಮೇಲೆ! ಇದು ಲೆಕ್ಕಕ್ಕೆ ಕೂರಲಿಲ್ಲ. ಲೈಟ್ ಉರಿಯುತ್ತಿದೆ, ಗಿಡಗಳು ಆಕ್ಸಿಜನ್ ಬಿಡುತ್ತಿವೆ, ಪಂಪ್ ಓಡುತ್ತಿದೆ. ಈ ಹೊತ್ತಿಗೆ ಮೀನು ಆರಾಮಾಗಿರಬೇಕು, ಅಲ್ವಾ?

ಸೋಮಾರಿತನಕ್ಕೆ ಮೊದಲ ದಿನ ತೆಗೆಯದ, ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ಈಗ ಹೊರಬಂತು. ಲೀಟರಿಗೆ ಅಮೋನಿಯಾ 0.5 ಮಿಲಿಗ್ರಾಂ, ನೈಟ್ರೈಟ್ 1. ಎರಡೂ ಸೊನ್ನೆ ಇರಬೇಕಾದವು. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ. ಆಮೇಲೆ ನೀರಲ್ಲಿ ಎಷ್ಟೇ ಆಕ್ಸಿಜನ್ ಇದ್ದರೂ ರಕ್ತ ಅದನ್ನು ಹೊರಲಾರದು. ನಾನು ಗುಳ್ಳೆ ಜಾಸ್ತಿ ಮಾಡುತ್ತಾ ಕೂತಿದ್ದೆ.

ಆಗ ನೆನಪಾಯಿತು. ಐದು ದಿನದ ಹಿಂದೆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು, ಹೊಸದರಂತೆ ಕಾಣುವ ತನಕ ತಿಕ್ಕಿದ್ದೆ. ಕೊಳೆ ಹೋಯಿತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ಅಷ್ಟೇನೂ ಹಾನಿ ಮಾಡದ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾವೂ ಹೋಯಿತು. ನಲ್ಲಿ ನೀರಿನ ಕ್ಲೋರಿನ್ ಸುಮ್ನೆ ಬಿಡುತ್ತದೆಯೇ? ರಾತ್ರಿ ಪಂಪ್ ಆರಿಸಿ ಆ ಬ್ಯಾಕ್ಟೀರಿಯಾಗಳ ಉಸಿರನ್ನೂ ನಾನೇ ಕಟ್ಟುತ್ತಿದ್ದೆ ಅನ್ನುವುದು ಬೇರೆ ಮಾತು.

ಅರ್ಧ ನೀರು ಬದಲಿಸಿದೆ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ತೊಟ್ಟಿಯಷ್ಟೇ ಬಿಸಿ ಇರುವಂತೆ ನೋಡಿಕೊಂಡೆ. ಜೊತೆಗೆ 5 ಗ್ರಾಂ ಉಪ್ಪು ಕರಗಿಸಿದೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಪೈಪೋಟಿ ಕೊಡುತ್ತದೆ, ಒಳಗೆ ಹೋಗುವ ನೈಟ್ರೈಟ್ ಕಡಿಮೆಯಾಗುತ್ತದೆ. ಎರಡು ದಿನ ಆಹಾರ ಬಂದ್.

ದಿನ 4–8
ದಿನಾ ಮೂರನೇ ಒಂದು ಭಾಗ ನೀರು ಬದಲಾವಣೆ, ತೆಗೆದ ನೀರಿನ ಲೆಕ್ಕಕ್ಕೆ ತಕ್ಕಷ್ಟು ಉಪ್ಪು. ಐದನೇ ದಿನ ಬಾಲ ಸವೆದಿದ್ದ ಹಳೇ ಗಪ್ಪಿ ಸತ್ತಿತು. ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಲು ಮನಸ್ಸು ಬರುತ್ತಿಲ್ಲ. ಎಂಟನೇ ದಿನ ಅಮೋನಿಯಾ ಸೊನ್ನೆ, ನೈಟ್ರೈಟ್ 0.5.

ದಿನ 11
ನೈಟ್ರೈಟ್ 0.25. ಮೀನುಗಳು ಗಿಡದ ನಡುವೆ ಓಡಾಡುತ್ತಿವೆ. ಮೊದಲಿನ ಅರ್ಧದಷ್ಟು ಆಹಾರ ಹಾಕಿದೆ, ಅರೆ ನಿಮಿಷದಲ್ಲಿ ಖಾಲಿ.

ದಿನ 14
ಎರಡೂ ಸೊನ್ನೆ. ಇನ್ನು ಸ್ಪಂಜ್ ತೊಳೆಯುವುದಿದ್ದರೆ ತೊಟ್ಟಿಯಿಂದಲೇ ತೆಗೆದ ನೀರನ್ನು ಬಕೆಟ್ಟಿಗೆ ಹಾಕಿ, ಅದರಲ್ಲಿ ಎರಡು ಸಲ ಹಿಂಡುವುದು, ಅಷ್ಟೇ. ಪಂಪಿನ ಕೆಳಗೆ ಹಳೇ ಟವೆಲ್ ಮಡಿಸಿ ಇಟ್ಟಿದ್ದೇನೆ. ಸದ್ದು ಅರ್ಧಕ್ಕೆ ಇಳಿದಿದೆ.