ಬೂದು ಹಾಳೆ, ಬಿಳಿ ನೊರೆ

ವಿಲಿಯಂ ಟ್ರಾಸ್ಟ್ ರಿಚರ್ಡ್ಸ್ (1833–1905) ಬರೆದ ಕಡಲದಂಡೆಯ ಜಲವರ್ಣಗಳಲ್ಲಿ ಮೊದಲು ನೋಡಬೇಕಾದ್ದು ಹಾಳೆಯನ್ನು. ಅಮೆರಿಕದ ಫಿಲಡೆಲ್ಫಿಯಾದ ಈ ಚಿತ್ರಕಾರರು ರೋಡ್ ಐಲೆಂಡಿನ ಬಂಡೆಗಳನ್ನು ಬರೆಯಲು ಎಷ್ಟೋ ಸಲ ಬಿಳಿ ಹಾಳೆ ಬಿಟ್ಟು, ಜಮಖಾನೆಯ ಕೆಳಗೆ ಹಾಸುವ ದಪ್ಪನೆಯ, ಒರಟಾದ, ಬಣ್ಣದ ಕಾಗದ ಹಿಡಿದರು. ಬಂಡೆಯ ನಡುಬಣ್ಣ, ಅಂದರೆ ಬೆಳಕಿಗೂ ನೆರಳಿಗೂ ನಡುವಿನದು, ಕಾಗದದ್ದೇ. ನೆರಳನ್ನು ಗಾಢ ಮಾಡಿ, ನೊರೆಗೆ ದಟ್ಟ ಬಿಳಿ ಇಟ್ಟರೆ ಕಲ್ಲು ತಾನಾಗಿ ಎದ್ದು ನಿಲ್ಲುತ್ತದೆ.

ಸಾಣಾಪುರ, ಆನೆಗೊಂದಿಯ ಬಂಡೆ ಬರೆಯುವವರಿಗೆ ಇದು ಹೇಳಿ ಮಾಡಿಸಿದ ದಾರಿ. ಕೊಪ್ಪಳದ ಬಿಸಿಲಲ್ಲಿ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಹಾಕಿದ ಬಣ್ಣ ತಿಳಿಯಾಗಿ ಕಂಡು ಮೇಲೆ ಮೇಲೆ ಹಾಕುತ್ತ ಹೋಗುತ್ತೇವೆ. ಮನೆಯೊಳಗೆ ತಂದು ನೋಡಿದರೆ ಚಿತ್ರ ಕಪ್ಪಿಟ್ಟಿರುತ್ತದೆ.

ಕಿರಾಣಿ ಅಂಗಡಿಯ ಕಂದು ಕಾಗದ ಮಾತ್ರ ಬೇಡ, ಅದರಲ್ಲಿರುವ ಆಮ್ಲದಿಂದ ಕೆಲವೇ ವರ್ಷಕ್ಕೆ ಪುಡಿಯಾಗುತ್ತದೆ. ಬಿಳಿ ಹಾಳೆಗೆ ನಾವೇ ಬಣ್ಣ ಬಳಿದುಕೊಳ್ಳೋಣ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಹಾಳೆ, 11×15 ಇಂಚಿನದು, ಐದು ನಿಮಿಷ ನೆನೆಸಿ ಹಲಗೆಗೆ ನೀರು ಹಚ್ಚಿ ಅಂಟಿಸುವ ಕಾಗದದ ಗಮ್ ಟೇಪಿನಿಂದ ಅಂಟಿಸಿ. ಒಣಗಿದ ಮೇಲೆ ಬರ್ಂಟ್ ಸಿಯೆನ್ನಾ (ಕೆಂಗಂದು) ಎರಡು ಪಾಲು, ಅಲ್ಟ್ರಾಮರೀನ್ (ಕಡುನೀಲಿ) ಒಂದು ಪಾಲು, 50 ಮಿಲಿ ನೀರಲ್ಲಿ ಕಲಸಿ. ಒಂದೇ ಸಲಕ್ಕೆ ಕಲಸಿಟ್ಟುಕೊಳ್ಳಿ. ನಡುವೆ ತೀರಿದರೆ ಎರಡನೇ ಸಲದ ಬಣ್ಣ ಹೊಂದುವುದೇ ಇಲ್ಲ. ಹಲಗೆಯನ್ನು ಸ್ವಲ್ಪ ಓರೆಯಾಗಿಟ್ಟು, ಅಗಲ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಏಪ್ರಿಲ್ ಗಾಳಿಗೆ ಅಂಚು ಬೇಗ ಒಣಗಿ ಪಟ್ಟೆ ಬೀಳುತ್ತದೆ. ಮೂರು ಹನಿ ಗ್ಲಿಸರಿನ್ ಹಾಕಿದರೆ ಸಮಯ ಸಿಗುತ್ತದೆ. ಮಳೆಗಾಲಕ್ಕೆ ಅದು ಬೇಡ, ಹಾಳೆ ಜಿಗುಟಾಗುತ್ತದೆ.

ಈಗ ಬಂಡೆ. ಎಲ್ಲಿ ಕಲ್ಲು ನೀರನ್ನು ಮುಟ್ಟುತ್ತದೋ ಅಲ್ಲಿ ಒಂದು ಕಪ್ಪು ಪಟ್ಟಿ ಇರುತ್ತದೆ, ನೆನೆದ ಭಾಗ. ಅದರ ಮೇಲಂಚು ನೇರ ಗೆರೆಯಲ್ಲ: ಸೀಳುಗಳಲ್ಲಿ ನೀರು ಏರಿ ಹಲ್ಲುಹಲ್ಲಾಗಿರುತ್ತದೆ. ರಿಚರ್ಡ್ಸ್ ಚಿತ್ರಗಳಲ್ಲಿ ಕಲ್ಲಿಗೆ ಭಾರ ಬರುವುದರಲ್ಲಿ ಈ ಪಟ್ಟಿಯ ಪಾಲು ದೊಡ್ಡದು. ಇದನ್ನು ಬಿಟ್ಟರೆ ಬಂಡೆ ನೀರ ಮೇಲೆ ತೇಲಿದಂತೆ ಕಾಣುತ್ತದೆ. (ಇವರ ಮಗ ಥಿಯೋಡೋರ್ ಪರಮಾಣು ತೂಕಗಳನ್ನು ನಿಖರವಾಗಿ ಅಳೆದು 1914ರ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಆ ಮನೆಯಲ್ಲಿ ಅಂದಾಜಿಗೆ ಜಾಗವಿರಲಿಲ್ಲ ಅನ್ನಿಸುತ್ತದೆ.)

ಬಿಳಿ ಕೊನೆಗೆ. ಸತುವಿನಿಂದ ಮಾಡಿದ ಚೈನೀಸ್ ವೈಟ್ ಅನ್ನು ಲಂಡನ್ನಿನ ಬಣ್ಣದ ಕಂಪನಿ ವಿನ್ಸರ್ ಆಂಡ್ ನ್ಯೂಟನ್ 1834ರಲ್ಲಿ ಮಾರುಕಟ್ಟೆಗೆ ತಂದಿತು. ಹಿಂದಿನ ಸೀಸದ ಬಿಳಿ ಜಲವರ್ಣದಲ್ಲಿ ಕಪ್ಪಾಗುತ್ತಿತ್ತು. ಕೆಳಗಿನ ಬಣ್ಣ ಪೂರ್ತಿ ಒಣಗಿರಬೇಕು, ಹಸಿಯಿದ್ದರೆ ಎರಡೂ ಕಲೆತು ಸುಣ್ಣದ ನೀರಿನಂತಾಗುತ್ತದೆ. ಕೆನೆಯಷ್ಟು ಗಟ್ಟಿ ಸಾಕು, ಮುದ್ದೆಯಾಗಿ ಮೆತ್ತಿದರೆ ಹಾಳೆ ಬಾಗಿದಾಗ ಬಿರಿಯುತ್ತದೆ. ತುಂಗಭದ್ರೆ ಸಂದಿಯಲ್ಲಿ ನುಗ್ಗಿ ಚಿಮ್ಮುವ ಸಣ್ಣ ಹನಿಗಳಿಗೆ ಬಿಳಿಯೂ ಬೇಡ: ನಮ್ಮ ಹಾಳೆಯ ಬಣ್ಣ ಮೇಲ್ಪದರದ್ದಷ್ಟೇ, ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದರೆ ಒಳಗಿನ ಬಿಳಿ ಹೊಳೆಯುತ್ತದೆ.